ಟರ್ಬೊ ಕೊಳ್ಳುವ ಮೊದಲು ಆ ಹಳೆಯ ಪೈಪು ಹುಡುಕಿ

ನಿಮ್ಮ ಪ್ರಶ್ನೆಯನ್ನು ಮೂರು ಸಲ ಓದಿದೆ. 2003ರ ಸುಬಾರು ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್. ಚಿಕ್ಕಪ್ಪ ಇಂಗ್ಲೆಂಡಿನ ನೌಕರಿ ಮುಗಿಸಿ ಮರಳುವಾಗ ಜೊತೆಗೆ ತಂದದ್ದು. ಈಗ ಸಿರಸಿಯಲ್ಲಿ ನಿಮ್ಮ ಕೈಗೆ ಬಂದಿದೆ. ಊರೊಳಗೆ ಚೆನ್ನಾಗಿಯೇ ಓಡುತ್ತದೆ, ಕುಮಟಾದಿಂದ ದೇವಿಮನೆ ಘಟ್ಟ ಹತ್ತುವಾಗ ಮಾತ್ರ ಸೊರಗುತ್ತದೆ. ಗ್ಯಾರೇಜಿನವರು ಟರ್ಬೊ ಹೋಗಿದೆ ಎಂದರು, ಲಕ್ಷ ದಾಟುವ ಲೆಕ್ಕ ಹೇಳಿದರು. ಹಾಕಿಸಲೇ, ಬೇಡವೇ ಎಂದು ಕೇಳಿದ್ದೀರಿ.

ಸದ್ಯಕ್ಕೆ ಬೇಡ. ನಿಮ್ಮ ಪ್ರಶ್ನೆಯ ಕೊನೆಯಲ್ಲಿ, ಆಮೇಲೆ ನೆನಪಾಗಿ ಸೇರಿಸಿದಂತೆ, ಒಂದು ಸಾಲು ಇದೆ: ಮಳೆಗಾಲಕ್ಕೆ ಮೊದಲು ಇಲಿ ಕಡಿದ ಸಣ್ಣ ರಬ್ಬರ್ ಪೈಪುಗಳನ್ನೆಲ್ಲ ಬದಲಿಸಿದ್ದೆವು ಎಂದು. ನನ್ನ ಅನುಮಾನವೆಲ್ಲ ಆ ಸಾಲಿನ ಮೇಲಿದೆ.

ನಾನು ಕುಮಟಾದವನು. ಹನ್ನೊಂದು ವರ್ಷ ಶಾರ್ಜಾದ ಗ್ಯಾರೇಜುಗಳಲ್ಲಿ ದುಡಿದು ಊರಿಗೆ ಬಂದು ಸಣ್ಣದೊಂದು ಗ್ಯಾರೇಜು ಇಟ್ಟುಕೊಂಡಿದ್ದೇನೆ. ಇಲ್ಲಿ ಬರುವುದು ಹೆಚ್ಚಾಗಿ ಟೆಂಪೊ, ರಿಕ್ಷಾ, ಮೀನು ಸಾಗಿಸುವ ಗಾಡಿಗಳು. ಅಲ್ಲಿ ಮಾತ್ರ ಸುಬಾರು, ಮಿತ್ಸುಬಿಷಿ ಇವೊ, ನಿಸ್ಸಾನ್ ಸ್ಕೈಲೈನ್, ಟೊಯೋಟಾ ಸುಪ್ರಾಗಳ ಹೊಟ್ಟೆಯೊಳಗೇ ಕೈಯಾಡಿಸುತ್ತಿದ್ದೆ. ಹೋದ ಹೊಸದರಲ್ಲಿ ಒಂದು ಇವೊ 8 ಬಂತು, ನಿಮ್ಮದೇ ದೂರು: ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಏರುತ್ತಿಲ್ಲ. ನಾನು ಉತ್ಸಾಹದಲ್ಲಿ ಟರ್ಬೊ ಇಳಿಸಿ ಬೇರೆಯದನ್ನು ಏರಿಸಿದೆ. ಎರಡು ದಿನದ ಕೆಲಸ. ಗಾಡಿ ಹೊರಗೆ ಹೋಗಿ ಬಂತು, ಮೊದಲು ಹೇಗಿತ್ತೋ ಹಾಗೆಯೇ. ನಮ್ಮ ಉಸ್ತಾದ್ ಏನೂ ಮಾತನಾಡದೆ ಬಕೆಟಿನಲ್ಲಿ ಸೋಪು ನೀರು ಕಲಸಿ ತಂದರು, ಪೈಪಿನೊಳಗೆ ಗಾಳಿ ಬಿಟ್ಟು, ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಕೆಳಗಿನ ರಬ್ಬರ್ ಪೈಪಿಗೆ ನೀರು ಎರಚಿದರು. ನೆಲದ ಕಡೆಗೆ ತಿರುಗಿದ್ದ ಮಗ್ಗುಲಿನಿಂದ, ಕ್ಲಿಪ್ಪಿನ ಅಂಚಿನಲ್ಲಿ, ನೊರೆ ಉಕ್ಕಿತು. ಮೇಲಿನಿಂದ ನೋಡಿದವನಿಗೆ ಜನ್ಮದಲ್ಲಿ ಕಾಣದ ಸೀಳು ಅದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು ನಮ್ಮಲ್ಲಿ ಹೇಳುತ್ತಾರಲ್ಲ, ಆ ಎಮ್ಮೆಯ ಮಾಲೀಕನಿಗೆ ಹಣ ವಾಪಸು ಕೊಡಬೇಕಾಯಿತು. ಅಷ್ಟೂ ನನ್ನ ಸಂಬಳದಲ್ಲಿ ಕಡಿತವಾಯಿತು.

ಈಗ ನಿಮ್ಮ ಗಾಡಿಗೆ ಬರುತ್ತೇನೆ. ಎಕ್ಸಾಸ್ಟಿನ ಬಿಸಿ ಗಾಳಿ ಟರ್ಬೊದ ಒಂದು ಚಕ್ರವನ್ನು ತಿರುಗಿಸುತ್ತದೆ, ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಈ ಒತ್ತಡ ಮಿತಿ ಮೀರದಂತೆ ಕಾಯುವುದು ವೇಸ್ಟ್‌ಗೇಟ್. ಕೆರೆಗೆ ಕೋಡಿ ಇದ್ದಂತೆ: ಸಾಕಷ್ಟು ತುಂಬಿದ ಮೇಲೆ ಎಕ್ಸಾಸ್ಟಿನ ಹೆಚ್ಚುವರಿ ಗಾಳಿಯನ್ನು ಟರ್ಬೊ ಚಕ್ರಕ್ಕೆ ತಾಗಿಸದೆ ಪಕ್ಕದಿಂದ ಹೊರಗೆ ಬಿಡುತ್ತದೆ. ಈ ಕೋಡಿಯನ್ನು ತೆರೆಯುವುದು ಟರ್ಬೊದಿಂದಲೇ ಬರುವ ಗಾಳಿಯ ಒತ್ತಡ, ಒಂದು ಸಣ್ಣ ರಬ್ಬರ್ ಪೈಪಿನ ಮೂಲಕ. ಆ ಪೈಪು ದಾರಿಯಲ್ಲಿ ಕವಲೊಡೆದು ಒಂದು ತುದಿ ವೇಸ್ಟ್‌ಗೇಟಿಗೆ, ಇನ್ನೊಂದು ತುದಿ ಬೂಸ್ಟ್ ನಿಯಂತ್ರಿಸುವ ಸೊಲೆನಾಯ್ಡಿಗೆ, ಅಂದರೆ ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವಿಗೆ, ಹೋಗುತ್ತದೆ. ಇಂಜಿನ್ನಿನ ಕಂಪ್ಯೂಟರಿಗೆ ಹೆಚ್ಚು ಬೂಸ್ಟ್ ಬೇಕಾದಾಗ ಸೊಲೆನಾಯ್ಡ್ ಒಂದಿಷ್ಟು ಗಾಳಿಯನ್ನು ಸೋರಿಸಿಬಿಡುತ್ತದೆ, ವೇಸ್ಟ್‌ಗೇಟಿಗೆ ತಲುಪುವ ಒತ್ತಡ ಕಡಿಮೆಯಾಗುತ್ತದೆ, ಕೋಡಿ ತಡವಾಗಿ ಬೀಳುತ್ತದೆ.

ಟರ್ಬೊದಿಂದ ಕವಲಿನವರೆಗಿನ ಆ ತುಂಡಿನ ಒಳಗೆ ಸುಬಾರು ಕಂಪನಿಯವರು ಒಂದು ಚಿಕ್ಕ ಲೋಹದ ಬಿರಡೆಯನ್ನು ಕೂರಿಸಿರುತ್ತಾರೆ, ನಡುವೆ ಸಣ್ಣ ತೂತು. ಗಾಳಿ ಒಮ್ಮೆಲೇ ನುಗ್ಗದಂತೆ ತಡೆಯುವುದು ಅದರ ಕೆಲಸ. ಹೊರಗಿನಿಂದ ಏನೂ ಕಾಣುವುದಿಲ್ಲ. ಪೈಪನ್ನು ಬೆರಳುಗಳ ನಡುವೆ ಹಿಡಿದು ಒತ್ತುತ್ತಾ ಹೋದರೆ ಒಂದು ಕಡೆ ಕಾಳುಮೆಣಸಿನಷ್ಟು ಗಟ್ಟಿ ಗಂಟು ಕೈಗೆ ಸಿಗುತ್ತದೆ, ಅದೇ. ಇದನ್ನು ಅರಿಯದವರು ಹಳೆಯ ಪೈಪನ್ನು ಕಸಕ್ಕೆ ಎಸೆದು ಅಷ್ಟೇ ಉದ್ದದ ಹೊಸ ಪೈಪು ಹಾಕುತ್ತಾರೆ. ಕೆಲಸ ನೋಡಲು ಅಚ್ಚುಕಟ್ಟಾಗಿರುತ್ತದೆ. ಆದರೆ ಬಿರಡೆ ಹೋದ ಮೇಲೆ ನುಗ್ಗುವ ಗಾಳಿಯನ್ನು ಸೊಲೆನಾಯ್ಡ್ ಸೋರಿಸಿ ಮುಗಿಸಲಾರದು, ಕೋಡಿ ಬೇಗನೇ ಬೀಳುತ್ತದೆ, ಬೂಸ್ಟ್ ಅರ್ಧಕ್ಕೇ ನಿಲ್ಲುತ್ತದೆ. ಸಿರಸಿ ಪೇಟೆಯಲ್ಲಿ ಓಡಾಡುವವನಿಗೆ ಇದರ ಸುಳಿವೇ ಹತ್ತುವುದಿಲ್ಲ, ಅಲ್ಲಿ ಬೂಸ್ಟ್ ಬೇಕಾಗುವುದೇ ಅಪರೂಪ. ಘಟ್ಟದ ತಿರುವಿನಲ್ಲಿ ಗೊತ್ತಾಗುತ್ತದೆ. ಸಿರಸಿ ಎತ್ತರದಲ್ಲಿದೆ, ಗಾಳಿ ತೆಳು, ಅದಕ್ಕೇ ಹೀಗೆ ಎಂದು ಯಾರೋ ಹೇಳಿದರೆಂದು ಬರೆದಿದ್ದೀರಿ. ಸುಮಾರು 600 ಮೀಟರಿಗೆ ಟರ್ಬೊ ಗಾಡಿ ಏದುಸಿರು ಬಿಡುವುದಿಲ್ಲ, ಆ ಮಾತನ್ನು ಅಲ್ಲಿಗೇ ಬಿಡಿ.

ಊಹೆಯ ಮೇಲೆ ನಡೆಯುವುದು ಬೇಡ, ಅಳೆದು ನೋಡಿ. ಒಂದು ಬೂಸ್ಟ್ ಮೀಟರ್ ತರಿಸಿ, ಸಿಲಿಂಡರುಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡಿನ ಪೈಪಿಗೆ ಜೋಡಿಸಿ. ವಾಹನ ಕಡಿಮೆ ಇರುವ ಏರಿನಲ್ಲಿ ಮೂರನೇ ಗೇರಿನಲ್ಲಿ 3000 ಸುತ್ತಿನಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿ. ಮೀಟರ್ ಓದಲು ಪಕ್ಕದಲ್ಲಿ ಒಬ್ಬರು ಇರಲಿ, ಓಡಿಸುವವರ ಕಣ್ಣು ರಸ್ತೆಯ ಮೇಲಿರಲಿ. ಆ ಕಾಲದ ಡಬ್ಲ್ಯುಆರ್‌ಎಕ್ಸ್ ಸುಮಾರು 13 ಪಿಎಸ್‌ಐ ಮುಟ್ಟಬೇಕು. 7ರ ಆಸುಪಾಸಿನಲ್ಲಿ ಸ್ಥಿರವಾಗಿ ನಿಂತರೆ ಬರೀ ವೇಸ್ಟ್‌ಗೇಟನ್ನು ಮುಚ್ಚಿ ಹಿಡಿಯುವ ಸ್ಪ್ರಿಂಗಿನ ಬಲದ ಮೇಲೆ ಓಡುತ್ತಿದೆ ಎಂದರ್ಥ: ಬಿರಡೆ ಇಲ್ಲ, ಇಲ್ಲವೇ ಪೈಪು ಅದಲುಬದಲಾಗಿದೆ, ಇಲ್ಲವೇ ಸೊಲೆನಾಯ್ಡ್ ಕೆಲಸ ಮಾಡುತ್ತಿಲ್ಲ. ಮುಳ್ಳು ಏರುತ್ತಾ ಏರುತ್ತಾ ಜಾರಿದರೆ, ಎಲ್ಲೂ ಸ್ಥಿರವಾಗಿ ನಿಲ್ಲದಿದ್ದರೆ, ಸೋರಿಕೆ ಹುಡುಕಿ. ಇನ್ನೊಂದು ಬಗೆ ಇದೆ: ಚೆನ್ನಾಗಿ ಎಳೆಯುತ್ತಿದ್ದ ಗಾಡಿ ಒಮ್ಮೆಲೇ ಯಾರೋ ಹಿಂದಿನಿಂದ ಹಗ್ಗ ಜಗ್ಗಿದಂತೆ ತಡೆಯುತ್ತದೆ. ಅದು ಬೂಸ್ಟ್ ಮಿತಿ ಮೀರಿ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸಿದ್ದು. ವೇಸ್ಟ್‌ಗೇಟಿನ ಪೈಪು ಕಳಚಿದಾಗ ಹೀಗಾಗುತ್ತದೆ. ಆಗ ಮಾತ್ರ ಮುಂದೆ ಓಡಿಸದೆ ಅಲ್ಲೇ ಬಾನೆಟ್ ತೆರೆಯಿರಿ.

ಸೋರಿಕೆ ಹುಡುಕುವ ಉಪಕರಣಕ್ಕೆ ಇನ್ನೂರು ಮುನ್ನೂರು ರೂಪಾಯಿ ಸಾಕು. ನಲ್ಲಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಪಿವಿಸಿ ಪೈಪಿನ ಮುಚ್ಚಳ ತನ್ನಿ, ನಡುವೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ. ಇಂಜಿನ್ ಆರಿಸಿ, ತಣಿಯಲು ಬಿಟ್ಟು, ಗಾಳಿ ಅಳೆಯುವ ಸೆನ್ಸರಿನ ನಂತರದ ಪೈಪಿನ ಬಾಯಿಗೆ ಆ ಮುಚ್ಚಳವನ್ನು ಕ್ಲಿಪ್ ಹಾಕಿ ಬಿಗಿಯಿರಿ. ಟೈರಿಗೆ ಗಾಳಿ ಹೊಡೆಯುವ ಪಂಪಿನಿಂದ ನಿಧಾನವಾಗಿ ತುಂಬಿ. 10 ಪಿಎಸ್‌ಐ ದಾಟಬೇಡಿ, ಆಯಿಲ್ ಸೀಲುಗಳು ಹೊರಗೆ ತಳ್ಳಲ್ಪಡುವ ಭಯವಿದೆ. ಆಮೇಲೆ ಸೋಪು ನೀರು. ಇಂಜಿನ್ನಿನ ಒಳಗಿನಿಂದ ಒಂದಿಷ್ಟು ಸುಯ್ ಎನ್ನುವ ಸದ್ದು ಬಂದೇ ಬರುತ್ತದೆ, ಅದಕ್ಕೆ ಗಾಬರಿ ಬೇಡ. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರು, ಆಕ್ಸಿಲರೇಟರ್ ಬಿಟ್ಟಾಗ ಒತ್ತಡ ಇಳಿಸುವ ಬೈಪಾಸ್ ವಾಲ್ವಿನ ಬುಡ, ಮ್ಯಾನಿಫೋಲ್ಡಿನ ಅಡಿಯಲ್ಲಿ ಅಡಗಿಕೊಂಡು ಟರ್ಬೊಗೆ ಗಾಳಿ ತರುವ ದಪ್ಪ ಪೈಪು, ಈ ಮೂರನ್ನು ಮೊದಲು ನೋಡಿ. ಕೊನೆಯದು ಹಳೆಯ ಸುಬಾರುಗಳಲ್ಲಿ ಬಿರುಕು ಬಿಡುವುದು ಹೆಚ್ಚು, ನೋಡಲು ಟಾರ್ಚು, ಕನ್ನಡಿ ಎರಡೂ ಬೇಕು. ಊದುಬತ್ತಿಯ ಹೊಗೆ ಹಿಡಿದು ಸೋರಿಕೆ ಹುಡುಕುವ ವಿಡಿಯೊಗಳಿವೆ. ಪೆಟ್ರೋಲ್ ಪೈಪುಗಳ ನಡುವೆ ಕಿಡಿ ಹಿಡಿದು ನಿಲ್ಲುವ ಆ ಧೈರ್ಯ ನನಗಿಲ್ಲ, ನೀವೂ ತೋರಿಸಬೇಡಿ.

ಹೊಗೆಯ ಬಣ್ಣವನ್ನೂ ಗಮನಿಸಿ. ಟರ್ಬೊದ ನಂತರ ಸೋರಿದರೆ, ಸೆನ್ಸರ್ ಅಳೆದ ಗಾಳಿ ಇಂಜಿನ್ನಿಗೆ ತಲುಪದೆ ಹೋಗುತ್ತದೆ, ಪೆಟ್ರೋಲ್ ಮಾತ್ರ ಲೆಕ್ಕದಷ್ಟು ಬೀಳುತ್ತದೆ, ಹಾಗಾಗಿ ಕಪ್ಪು ಹೊಗೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ಆಗ ಟರ್ಬೊದ ಮೇಲೂ ಅನುಮಾನ ಪಡಬಹುದು. ನಿಮ್ಮ ಗಾಡಿಯಲ್ಲಿ ಎರಡೂ ಇಲ್ಲ ಎಂದಿದ್ದೀರಿ. ಆದರೂ ಟರ್ಬೊ ನೋಡಲೇಬೇಕೆಂದಿದ್ದರೆ, ತಣ್ಣಗಿರುವಾಗ ಗಾಳಿ ಬರುವ ಪೈಪು ಬಿಚ್ಚಿ ಚಕ್ರದ ನಡುವಿನ ನಟ್ಟನ್ನು ಎರಡು ಬೆರಳಿನಲ್ಲಿ ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಕೂದಲೆಳೆಯಷ್ಟು ಅಲುಗುವುದು ಸಹಜ, ಏಕೆಂದರೆ ದಂಡ ತಿರುಗುವುದು ಆಯಿಲ್ಲಿನ ತೆಳು ಪದರದ ಮೇಲೆ. ಹಿಂದೆ ಮುಂದೆ ಅಲುಗಬಾರದು. ಎಲೆಗಳ ಅಂಚು ಗೋಡೆಗೆ ತಾಗಿದ ಗೀರು ಇರಬಾರದು. ನಿಮ್ಮ ಗ್ಯಾರೇಜಿನವರು ಇದಿಷ್ಟನ್ನು ಮಾಡಿ ನೋಡಿದ್ದಾರೆಯೇ ಎಂದು ಕೇಳಿ. ನೋಡದೆ ಹೇಳಿದ್ದರೆ ಅದಕ್ಕೆ ರೋಗನಿರ್ಣಯ ಎನ್ನುವುದಿಲ್ಲ, ಕಣಿ ಎನ್ನುತ್ತಾರೆ.

ಬಿರಡೆ ನಿಜಕ್ಕೂ ಕಸಕ್ಕೆ ಹೋಗಿದ್ದರೆ ಕಂಪನಿಯ ಅಳತೆಯದ್ದನ್ನೇ ತರಿಸಿ. ಲೇತ್ ಇಟ್ಟವರು ಹಿತ್ತಾಳೆಯಲ್ಲಿ ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ ನಿಜ, ಆದರೆ ತೂತಿನ ಅಳತೆ ಅಂದಾಜಿನದ್ದಾಗಬಾರದು. ತೂತು ಬೇಕಾದ್ದಕ್ಕಿಂತ ಚಿಕ್ಕದಾದರೆ ಬೂಸ್ಟ್ ಏರುತ್ತದೆ, ಓಡಿಸುವವರಿಗೆ ಖುಷಿಯೂ ಆಗುತ್ತದೆ, ಅಷ್ಟರಲ್ಲಿ ಸಿಲಿಂಡರಿನೊಳಗೆ ನಾಕಿಂಗ್, ಅಂದರೆ ಪೆಟ್ರೋಲ್ ತಾನಾಗಿ ಸಿಡಿಯುವುದು, ಶುರುವಾಗಿ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಮುರಿಯುತ್ತದೆ. ಪಿಸ್ಟನ್ ಬದಲಿಸುವ ಖರ್ಚಿನ ಮುಂದೆ ಟರ್ಬೊದ ಖರ್ಚು ಚಿಲ್ಲರೆ. ಸುಬಾರು ಹೆಸರಿನ ಷೋರೂಮು ನಮ್ಮ ದೇಶದಲ್ಲಿಲ್ಲ, ಹೊರಗಿನಿಂದಲೇ ತರಿಸಬೇಕು. ಭಟ್ಕಳ, ಹೊನ್ನಾವರದ ಕಡೆ ಯಾರಾದರೂ ದುಬೈಯಿಂದ ರಜೆಗೆ ಬರುವವರಿದ್ದರೆ ಇದೆಲ್ಲ ಜೇಬಿನಲ್ಲಿ ಬರುವ ಸಾಮಾನು. ಷೆವ್ರೊಲೆ ಹೆಸರಿನಲ್ಲಿ ಇಲ್ಲಿ ಕೆಲ ಕಾಲ ಮಾರಾಟವಾದ ಫಾರೆಸ್ಟರ್ ಅಸಲಿಗೆ ಸುಬಾರುವೇ. ಸಣ್ಣಪುಟ್ಟ ಭಾಗಗಳಿಗೆ ಪಾರ್ಟ್ ನಂಬರ್ ಹೋಲಿಸಿ ನೋಡಿದರೆ ಕೆಲವು ಹೊಂದುತ್ತವೆ.

ಪೆಟ್ರೋಲಿನ ವಿಷಯದಲ್ಲಿ ಜಿಪುಣತನ ಬೇಡ. ಇಂಗ್ಲೆಂಡಿಗೆಂದು ಮಾಡಿದ ನಿಮ್ಮ ಗಾಡಿಗೆ 95 ಆಕ್ಟೇನ್ ಬೇಕು. ಜಪಾನಿನ ಒಳಗೆ ಮಾರಿದ ಇದರ ಅಣ್ಣತಮ್ಮಂದಿರು 100ಕ್ಕೆ ಹೊಂದಿಸಿದವು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಇದೆ, 2003ರ ರಬ್ಬರಿಗೆ ಅದು ಒಗ್ಗದು, ತೇವವನ್ನೂ ಹೀರುತ್ತದೆ. ಮಳೆಗಾಲ ಪೂರ್ತಿ ಅಡಿಕೆ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಟ್ಯಾಂಕಿನಲ್ಲಿ ಏನಿದೆ ಎಂದು ನೋಡದೆ ಘಟ್ಟಕ್ಕೆ ಹೊರಡಬೇಡಿ. ಇಲಿ ಗಾಳಿಯ ಪೈಪು ಕಡಿದಿದೆ ಎಂದರೆ ಪೆಟ್ರೋಲ್ ಪೈಪಿಗೂ ಬಾಯಿ ಹಾಕಿರಬಹುದು, ಕೈಯಲ್ಲಿ ಸವರಿ ನೋಡಿ.

ಇಂಜಿನ್ ಆಯಿಲ್ 5000 ಕಿಲೋಮೀಟರಿಗೆ ಬದಲಿಸಿ, ನಡುವೆ ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ಡಿಪ್‌ಸ್ಟಿಕ್ ಎಳೆದು ನೋಡಿ, ಈ ಇಂಜಿನ್ನುಗಳು ಸದ್ದಿಲ್ಲದೆ ಆಯಿಲ್ ಕುಡಿಯುತ್ತವೆ. ಘಟ್ಟ ಹತ್ತಿ ದೇವಿಮನೆಯ ದೇವಸ್ಥಾನದ ಎದುರು ನಿಲ್ಲಿಸಿದ ಕೂಡಲೇ ಕೀಲಿ ತಿರುಗಿಸಬೇಡಿ, ಒಂದು ನಿಮಿಷ ಇಂಜಿನ್ ಚಾಲೂ ಇರಲಿ. ಕಾದ ಟರ್ಬೊದೊಳಗೆ ಆಯಿಲ್ ನಿಂತರೆ ಸುಟ್ಟು ಕರಿಯಾಗಿ ದಾರಿ ಕಟ್ಟುತ್ತದೆ.

ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಎಂದು ನೀವು ಬರೆದಿಲ್ಲ. ಚಿಕ್ಕಪ್ಪನವರನ್ನು ಕೇಳಿ. ಗಾಡಿ ಹೆಚ್ಚು ಓಡಿಲ್ಲ ಎಂಬುದು ಉತ್ತರವಲ್ಲ, ರಬ್ಬರಿಗೆ ವಯಸ್ಸೂ ಲೆಕ್ಕ. ಈ ಇಂಜಿನ್ನಿನಲ್ಲಿ ಬೆಲ್ಟ್ ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ದಾಖಲೆ ಇಲ್ಲವಾದರೆ ಬೆಲ್ಟ್, ಟೆನ್ಷನರ್, ತಿರುಗುವ ರಾಟೆಗಳು, ವಾಟರ್ ಪಂಪ್ ಎಲ್ಲವನ್ನೂ ಒಟ್ಟಿಗೇ ಹಾಕಿಸಿಬಿಡಿ. ಟರ್ಬೊಗೆಂದು ತೆಗೆದಿಟ್ಟ ಹಣ ಇಲ್ಲಿಗೆ ಹೋಗಲಿ.

ತುಕ್ಕಿನ ಬಗ್ಗೆ ಒಂದು ಮಾತು. ಇಂಗ್ಲೆಂಡಿನಲ್ಲಿ ಚಳಿಗಾಲಕ್ಕೆ ರಸ್ತೆಗೇ ಉಪ್ಪು ಸುರಿಯುತ್ತಾರೆ. ಅಲ್ಲಿ ಉಪ್ಪು ತಿಂದ ಗಾಡಿಯನ್ನು ನೀವು ವಾರವಾರ ಕಾರವಾರದ ಬೀಚಿಗೆ ಒಯ್ಯುತ್ತೀರಿ. ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ನಿಲ್ಲಿಸಿದರೂ ಇಷ್ಟೇ. ಹಿಂದಿನ ಚಕ್ರದ ಕಮಾನು, ಹಿಂದಿನ ಶಾಕ್ ಅಬ್ಸಾರ್ಬರ್ ಮೇಲ್ತುದಿ ಕೂರುವ ಜಾಗ, ಇವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ, ಸದ್ದು ಮೊದ್ದಾಗಿ ಬಂದರೆ ಒಳಗೆ ತಿಂದಿದೆ. ಸೊಲೆನಾಯ್ಡಿನ ವೈರಿನ ಸಾಕೆಟ್ಟನ್ನೂ ಎಳೆದು ನೋಡಿ, ಕಡಲ ಗಾಳಿಗೆ ಅದರೊಳಗೆ ಹಸಿರು ಕಿಲುಬು ಕಟ್ಟಿದ್ದರೆ ಬಿರಡೆ ಸರಿಯಿದ್ದರೂ ಬೂಸ್ಟ್ 7ರಲ್ಲೇ ನಿಲ್ಲುತ್ತದೆ.

ಮೊದಲ ಕೆಲಸ ಮಾತ್ರ ಬೇರೆ. ನಾಳೆಯೇ ಆ ಗ್ಯಾರೇಜಿಗೆ ಹೋಗಿ, ಮಳೆಗಾಲಕ್ಕೆ ಮೊದಲು ತೆಗೆದ ಪೈಪಿನ ತುಂಡುಗಳು ಮೂಲೆಯ ಡಬ್ಬದಲ್ಲಿ ಇನ್ನೂ ಬಿದ್ದಿವೆಯೇ ಎಂದು ಕೇಳಿ. ಜಗಳ ಮಾಡಬೇಡಿ, ನನ್ನದೂ ಅಂಥದೇ ಡಬ್ಬ ಇದೆ, ವರ್ಷಕ್ಕೊಮ್ಮೆ ದೀಪಾವಳಿಗೆ ಖಾಲಿಯಾಗುತ್ತದೆ. ತುಂಡುಗಳು ಸಿಕ್ಕರೆ ಒಂದೊಂದನ್ನೇ ಒತ್ತಿ ನೋಡಿ, ಗಂಟು ಕೈಗೆ ತಾಗಿದ್ದರ ಫೋಟೊ ಇಲ್ಲಿ ಹಾಕಿ. ಅದನ್ನು ಯಾವ ತುದಿಗೆ ಸೇರಿಸಬೇಕೆಂದು ಗುರುತು ಮಾಡಿ ಕಳಿಸುತ್ತೇನೆ.