ಗೋಮಾಳಕ್ಕೆ ಬೇಲಿ: ಮೊದಲು ಕೇಳಬೇಕಾದ ಕಾಗದ

ನಿಮ್ಮೂರ ಗೋಮಾಳಕ್ಕೆ ಕಂಪನಿಯೊಂದು ತಂತಿಬೇಲಿ ಹಾಕಿ ದನ ಹೋಗುವ ದಾರಿ ಮುಚ್ಚಿದೆ, ಪಂಚಾಯಿತಿ ಒಪ್ಪಿಗೆ ಇದೆ ಎನ್ನುತ್ತಿದೆ, ಏನು ಮಾಡಲಿ ಎಂದು ಕೇಳಿದ್ದೀರಿ.

ಪಂಚಾಯಿತಿ ಒಪ್ಪಿಗೆಯಷ್ಟೇ ಸಾಲದು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 71ನೇ ಕಲಂ ಪ್ರಕಾರ ಮೇವಿಗೆ ಕಾಯ್ದಿಟ್ಟ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು ಜಿಲ್ಲಾಧಿಕಾರಿಯ ಮಂಜೂರಾತಿ ಬೇಕು. ಆ ಆದೇಶದ ಪ್ರತಿಯನ್ನು ಮಾಹಿತಿ ಹಕ್ಕಿನಡಿ ತಾಲ್ಲೂಕು ಕಚೇರಿಯಲ್ಲಿ ಕೇಳಿ. ಜೊತೆಗೆ ಪಹಣಿ, ಆಕಾರ್‌ಬಂದ್ (ಸರ್ವೆ ನಂಬರ್‌ವಾರು ವಿಸ್ತೀರ್ಣ, ಕಂದಾಯದ ದಾಖಲೆ), ಗ್ರಾಮ ನಕಾಶೆ ತೆಗೆಸಿ. ಪಹಣಿಯಲ್ಲಿ ‘ಸರ್ಕಾರಿ ಗೋಮಾಳ’ ಎಂದಿದೆಯೇ, ಪೂರ್ತಿ ವಿಸ್ತೀರ್ಣ ಉಳಿದಿದೆಯೇ ನೋಡಿ.

ಮುಖ್ಯವಾದದ್ದು ದನಗಳ ಲೆಕ್ಕ. ಇದೇ ಕಾಯ್ದೆಯಡಿಯ 1966ರ ನಿಯಮಗಳ 97ನೇ ನಿಯಮದಂತೆ 100 ದನಕ್ಕೆ 12 ಹೆಕ್ಟೇರ್ ಗೋಮಾಳ ಇರಬೇಕು. 250 ದನವಿದ್ದರೆ 30 ಹೆಕ್ಟೇರ್, ಅಂದರೆ ಸುಮಾರು 74 ಎಕರೆ. ಪಶು ಆಸ್ಪತ್ರೆಯಿಂದ ಗಣತಿಯ ಅಂಕಿ ಲಿಖಿತವಾಗಿ ಪಡೆಯಿರಿ. ‘ಹೆಚ್ಚುವರಿ ಗೋಮಾಳ’, ಅಂದರೆ ದನಗಳಿಗೆ ಬೇಕಾದ್ದಕ್ಕಿಂತ ಜಾಸ್ತಿ ಇದೆ ಎಂಬ ವಾದ ನಿಲ್ಲುವುದೂ ಬೀಳುವುದೂ ಇದರ ಮೇಲೆಯೇ.

ಆದೇಶ ಇಲ್ಲದಿದ್ದರೆ ಸರ್ವೆ ಮಾಡಿಸಿ ಒತ್ತುವರಿ ತೆರವು ಮಾಡಿ ಎಂದು ತಹಶೀಲ್ದಾರರಿಗೆ ಅರ್ಜಿ ಕೊಡಿ. ಬರೀ ‘ದಾರಿ ಬಿಡಿಸಿಕೊಡಿ’ ಎಂದು ಬರೆಯಬೇಡಿ. ಎಂಟಡಿ ದಾರಿ ಬಿಡಿಸಿ ಕೈತೊಳೆದುಕೊಳ್ಳುತ್ತಾರೆ, ಮೇವಿನ ಜಾಗ ಹೋಗಿಯೇಬಿಡುತ್ತದೆ. ಸರ್ವೆ ನಂಬರ್ ನಮೂದಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಬೇಲಿ ನೀವೇ ಕೀಳಲು ಹೋಗಬೇಡಿ, ಕೇಸು ನಿಮ್ಮ ಮೇಲೆ ತಿರುಗುತ್ತದೆ.