ರೀಬೂಟ್ ಆದಮೇಲೆ ಯೂಸರ್ ಸರ್ವಿಸ್ ತಾನಾಗಿ ಏಳುತ್ತಿಲ್ಲ, ಏಕೆ?

ಉಬುಂಟುವಿನಲ್ಲಿ ಕೈಯಾರೆ ಸ್ಟಾರ್ಟ್ ಕೊಟ್ಟರೆ ಯೂಸರ್ ಸರ್ವಿಸ್ (ನಿಮ್ಮ ಖಾತೆಯಡಿ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಓಡುತ್ತದೆ, ಎನೇಬಲ್ ಮಾಡಿದ್ದರೂ ರೀಬೂಟ್ ಆದಮೇಲೆ ಏಳುವುದಿಲ್ಲ ಎಂದಿದ್ದೀರಿ. ಹಾಗಾದರೆ ಪ್ರೋಗ್ರಾಂ ಸರಿಯಿದೆ, ಅದನ್ನು ಎಬ್ಬಿಸುವವರಿಲ್ಲ ಅಷ್ಟೆ.

ಸರ್ವಿಸನ್ನು ಹೇಗೆ ಓಡಿಸಬೇಕೆಂದು ಬರೆದಿರುವ ಯೂನಿಟ್ ಫೈಲಿನ ಕೊನೆಯಲ್ಲಿರುವ 'ಇನ್‌ಸ್ಟಾಲ್' ಭಾಗ ನೋಡಿ. 'ವಾಂಟೆಡ್‌ಬೈ' ಎದುರು 'ಮಲ್ಟಿ-ಯೂಸರ್' ಟಾರ್ಗೆಟ್ (ಒಟ್ಟಾಗಿ ಏಳಬೇಕಾದ ಸರ್ವಿಸ್‌ಗಳ ಗುಂಪು) ಇದ್ದರೆ ತಪ್ಪು ಅಲ್ಲೇ ಇದೆ. ಆ ಟಾರ್ಗೆಟ್ ಇಡೀ ಯಂತ್ರವನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯದು (ಸರ್ವಿಸ್‌ಗಳನ್ನು ಎಬ್ಬಿಸುವ ಪ್ರೋಗ್ರಾಂ ಇದು). ನಿಮ್ಮ ಲಾಗಿನ್ನಿಗೆಂದು ಬೇರೆಯೇ ಒಂದು ಸಿಸ್ಟಮ್‌ಡಿ ಓಡುತ್ತಿರುತ್ತದೆ. ಅದರ ಬಳಿ ಈ ಹೆಸರಿನ ಟಾರ್ಗೆಟ್ಟೇ ಇಲ್ಲ. ಆ ಜಾಗದಲ್ಲಿ 'ಡೀಫಾಲ್ಟ್' ಟಾರ್ಗೆಟ್ ಬರೆದು, ಫೈಲನ್ನು ಮತ್ತೆ ಓದಿಸಲು ಡೀಮನ್-ರೀಲೋಡ್ ಮಾಡಿ, ಆಮೇಲೆ ರೀ-ಎನೇಬಲ್ ಕೊಡಿ. ಮೂರ್ನಾಲ್ಕು ಬಾರಿ ಹೇಳಬೇಕಾದ ಮಾತು: ಪ್ರತಿ ಸಿಸ್ಟಮ್‌ಸಿಟಿಎಲ್ ಕಮಾಂಡಿಗೂ 'ಯೂಸರ್' ಆಯ್ಕೆ (--user) ಬೇಕು, ಸುಡೋ (ಅಡ್ಮಿನ್ ಅಧಿಕಾರ) ಬೇಡ.

ಯಾರೂ ಲಾಗಿನ್ ಆಗದೆಯೇ ಓಡಬೇಕಿದ್ದರೆ ಲಾಗಿನ್‌ಸಿಟಿಎಲ್ ಕಮಾಂಡಿನ ಮೂಲಕ 'ಎನೇಬಲ್-ಲಿಂಗರ್' ಮಾಡಿ.

ಇಷ್ಟಾಗಿಯೂ ಏಳದಿದ್ದರೆ ಸ್ಟೇಟಸ್‌ನಲ್ಲಿ ಬರುವ ಸಂಖ್ಯೆ ಗಮನಿಸಿ. 203 ಇದ್ದರೆ ಹೆಚ್ಚಾಗಿ ಪ್ರೋಗ್ರಾಂ ಫೈಲಿನ ಪಾತ್ ತಪ್ಪಿರುತ್ತದೆ, ಇಲ್ಲವೇ ಅದಕ್ಕೆ ಎಕ್ಸಿಕ್ಯೂಟ್ ಅನುಮತಿ ಇರುವುದಿಲ್ಲ. 216 ಕಂಡರೆ, ಸಿಸ್ಟಮ್ ಸರ್ವಿಸಿನಿಂದ ಕಾಪಿ ಮಾಡುವಾಗ ಯಾರ ಹೆಸರಿನಲ್ಲಿ ಓಡಬೇಕೆಂದು ಹೇಳುವ 'ಯೂಸರ್=' ಸಾಲೂ ಜೊತೆಗೆ ಬಂದಿದೆಯೇ ನೋಡಿ. ನನಗೆ ಅರ್ಧ ದಿನ ಹಿಡಿಸಿದ್ದು ಅದೇ ಸಾಲು. ಅಳಿಸಿದ ಕೂಡಲೇ ಸರ್ವಿಸ್ ಎದ್ದಿತು.