‘ಕಾಣದ್ದನ್ನು ನೋಡೋಕೆ ನನಗೆ ಟೈಮೇ ಇಲ್ಲ’

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಮೊದಲ ದಿನ ಅವರು ಕುರ್ಚಿಯ ತುದಿಯಲ್ಲೇ ಕೂತಿದ್ದರು. ಮನೆಯಿಂದ ಫೋನ್ ಬಂದರೆ ತಕ್ಷಣ ಎದ್ದು ಹೊರಡಬೇಕಲ್ಲ, ಅದಕ್ಕೆ. ವಯಸ್ಸು ನಲವತ್ತೈದರ ಆಸುಪಾಸು. ಇಲ್ಲಿ ಅವರನ್ನು ಎಂ. ಎಂದು ಕರೆಯುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ.

"ನನ್ನ ನಂಬಿಕೆ ಸತ್ತುಹೋಗಿದೆ ಅನ್ಸುತ್ತೆ" ಎಂದು ಮಾತು ಶುರು ಮಾಡಿದರು.

ಅವರ ತಂದೆಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ. ಇದು ಮೂರನೇ ವರ್ಷ. ಮಗಳು ಯಾರೆಂದು ಅವರಿಗೆ ಈಗ ಗೊತ್ತಾಗುವುದಿಲ್ಲ. ರಾತ್ರಿ ಎರಡು ಸಲವಾದರೂ ಎದ್ದು ಬಾಗಿಲ ಚಿಲಕ ಅಲ್ಲಾಡಿಸುತ್ತಾರೆ. ಎಂ. ಮನೆಯಿಂದಲೇ ಕೆಲಸ ಮಾಡುತ್ತಾ ಅವರನ್ನು ನೋಡಿಕೊಳ್ಳುತ್ತಾರೆ. ಚರ್ಚ್ ಸಭೆಯ ಹಿರಿಯರೊಬ್ಬರು ಅವರಿಗೆ ಬೈಬಲಿನ ಒಂದು ವಚನ ಕೊಟ್ಟಿದ್ದರು. ಕ್ರೈಸ್ತ ಧರ್ಮಪ್ರಚಾರಕ ಪೌಲ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆ, 4:18. ಕಾಣುವುದನ್ನಲ್ಲ, ಕಾಣದಿರುವುದನ್ನು ನೋಡು. ಕಾಣುವುದು ಸ್ವಲ್ಪ ಕಾಲದ್ದು, ಕಾಣದ್ದು ಶಾಶ್ವತ.

ಎಂ. ಅದನ್ನು ಶಿಸ್ತಾಗಿ ಹಿಡಿದುಕೊಂಡರು. ಬೆಳಗಿನ ನಾಲ್ಕೂವರೆಗೆ ಅಲಾರಂ. ಮಲಗುತ್ತಿದ್ದುದು ಹನ್ನೆರಡಕ್ಕೆ! ಪ್ರಾರ್ಥನೆಗೆ ಕೂತ ಐದು ನಿಮಿಷಕ್ಕೆ ತಲೆ ಬೈಬಲ್ ಮೇಲೆ ಬಿದ್ದಿರುತ್ತಿತ್ತು. ಆಮೇಲೆ ದಿನವಿಡೀ ತಪ್ಪು ಮಾಡಿದ ಭಾವನೆ.

"ಅಪ್ಪ ಮಲಗಿದ ಮೇಲೆ ದೇವರ ಹತ್ರ ಹೋಗೋಣ ಅಂತ ಕಾಯ್ತೀನಿ. ಅಪ್ಪ ಮಲಗೋದೇ ಇಲ್ಲ. ಕಾಣದ್ದನ್ನು ನೋಡೋಕೆ ನನಗೆ ಟೈಮೇ ಇಲ್ಲ" ಎಂದರು.

ನೋಟ್‌ಬುಕ್‌ನಲ್ಲಿ ಆ ಮಾತಿನ ಕೆಳಗೆ ಗೆರೆ ಎಳೆದೆ. ದೇವರು ಒಂದು ಕೋಣೆಯಲ್ಲಿ, ಅಪ್ಪ ಇನ್ನೊಂದು ಕೋಣೆಯಲ್ಲಿ. ಇಲ್ಲಿಯ ಕೆಲಸ ಮುಗಿಸಿ ಅಲ್ಲಿಗೆ ಹೋಗಬೇಕು. ಕಷ್ಟವೆಲ್ಲ ಇದ್ದದ್ದು ಈ ಲೆಕ್ಕಾಚಾರದಲ್ಲಿ.

ಇದು ಗೊತ್ತಾಗಿಯೂ ಅವತ್ತು ನಾನು ಒಂದು ತಪ್ಪು ಮಾಡಿದೆ. ಬೈಬಲಿನ ಪ್ರವಾದಿ ಎಲೀಷನ ಕಥೆ ಹೇಳಿಬಿಟ್ಟೆ. ಅವನಿದ್ದ ದೋತಾನ್ ಊರನ್ನು ಶತ್ರು ಸೈನ್ಯ ಮುತ್ತಿದಾಗ ಅವನ ಸೇವಕ ಹೆದರುತ್ತಾನೆ. ಇವನ ಕಣ್ಣು ತೆರೆ ಎಂದು ಎಲೀಷ ಪ್ರಾರ್ಥಿಸುತ್ತಾನೆ. ಬೆಟ್ಟದ ತುಂಬ ಬೆಂಕಿಯ ರಥಗಳು ಕಾಣುತ್ತವೆ. ಒಳ್ಳೆಯ ಕಥೆಯೇ, ಆದರೆ ನಿದ್ದೆಗೆಟ್ಟವರಿಗೆ ಹೇಳುವಂಥದ್ದಲ್ಲ. ಮುಂದಿನ ವಾರ ಅವರು ಇನ್ನೂ ಕುಗ್ಗಿ ಬಂದರು. "ರಥ ಬಿಡಿ ಸಾರ್, ನನಗೆ ಗೋಡೆ ಬಿಟ್ಟು ಬೇರೇನೂ ಕಾಣ್ಲಿಲ್ಲ."

ಹಾಗಾಗಿ ಮತ್ತೆ ಮೊದಲಿಂದ ಶುರು ಮಾಡಿದೆವು, ಈ ಸಲ ನಿದ್ದೆಯಿಂದ. ಖಿನ್ನತೆ ಅಳೆಯಲು ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ, ಅದನ್ನು ಕೂತು ತುಂಬಿಸಿದೆವು. ಮಧ್ಯಮ ಮಟ್ಟ ಬಂತು. ಡಾಕ್ಟರ್ ಹತ್ತಿರ ಹೋಗಲೇಬೇಕು ಎಂದೆ. ಅಲಾರಂ ಅವತ್ತಿನಿಂದಲೇ ಬಂದ್ ಮಾಡಿ ಎಂದೂ ಹೇಳಿದೆ. ಅವರಿಗೆ ಇದು ಸೋಲೊಪ್ಪಿಕೊಂಡ ಹಾಗೆ ಕಂಡಿತು. ಆಗ ಎಲೀಷನ ಗುರು ಎಲೀಯನನ್ನು ನೆನಪಿಸಿದೆ. ಸಾಕು, ಪ್ರಾಣ ತೆಗೆದುಕೋ ಎಂದು ಗಿಡದ ಕೆಳಗೆ ಮಲಗಿದವನನ್ನು ದೂತ ತಟ್ಟಿ ಎಬ್ಬಿಸಿ, ಎದ್ದು ತಿನ್ನು ಎಂದ. ತಿಂದು ಕುಡಿದು ಅವನು ಮತ್ತೆ ಮಲಗಿದ. ದೂತ ಬೈಯಲಿಲ್ಲ. ಎರಡನೇ ಸಲ ಬಂದಾಗಲೂ ತಿನ್ನು ಎಂದೇ ಹೇಳಿದ.

ಮೂರನೇ ಭೇಟಿಯಲ್ಲಿ ಆ ಪತ್ರಿಕೆಯನ್ನೇ ಓದಿದೆವು, ಒಂದು ವಚನ ಅಷ್ಟೇ ಅಲ್ಲ, ಪೂರ್ತಿ. ಕಾಣದ್ದನ್ನು ನೋಡುತ್ತೇವೆ ಎಂದ ಪೌಲ ಅದೇ ಪತ್ರದ ಮೊದಲ ಅಧ್ಯಾಯದಲ್ಲಿ, ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎನ್ನುತ್ತಾನೆ. ಎರಡನೇ ಅಧ್ಯಾಯದಲ್ಲಿ ಜೊತೆಗಾರ ತೀತ ಸಿಗಲಿಲ್ಲ ಎಂದು ಮನಸ್ಸಿಗೆ ನೆಮ್ಮದಿಯಿಲ್ಲ. ಏಳನೆಯದರಲ್ಲಿ, ಕುಗ್ಗಿದವರನ್ನು ಸಂತೈಸುವ ದೇವರು ತೀತನನ್ನು ಕಳಿಸಿ ನಮ್ಮನ್ನು ಸಂತೈಸಿದನು ಎಂದು ಬರೆಯುತ್ತಾನೆ.

ಎಂ. ಬೆರಳು ಅಲ್ಲೇ ನಿಂತಿತು. "ಪೌಲನಿಗೂ ಒಬ್ಬ ತೀತ ಬೇಕಾಯ್ತಾ?"

ಅವರಿಗೆ ಒಬ್ಬ ಅಣ್ಣ ಇದ್ದಾನೆ ಎಂದು ಆಗಷ್ಟೇ ಗೊತ್ತಾಗಿದ್ದು. ಅವನನ್ನು ಒಂದು ಸಲವೂ ಸಹಾಯ ಕೇಳಿರಲಿಲ್ಲ. ಕೇಳಿದರೆ ದೇವರ ಮೇಲೆ ಭರವಸೆ ಇಲ್ಲ ಅಂದ ಹಾಗಲ್ವಾ, ಎಂಬ ಯೋಚನೆ. ನನಗೆ ಸ್ವಲ್ಪ ಸಿಟ್ಟೇ ಬಂತು, ಅವರ ಮೇಲಲ್ಲ. ದಣಿದವರ ಕೈಗೆ ಒಂದೇ ವಚನ ಕಿತ್ತು ಕೊಟ್ಟು ಕಳಿಸುವುದರ ಮೇಲೆ. ಆ ವಚನದಲ್ಲಿ ನೋಡುವುದು ಎಂಬಲ್ಲಿ ಇರುವ ಗ್ರೀಕ್ ಪದ ಸ್ಕೊಪೆಯೊ. ಸುಮ್ನೆ ನೋಡುವುದಲ್ಲ, ಗುರಿಯಿಟ್ಟು ನೋಡುವುದು. ಗುರಿ ಇಡುವವನು ಮುಂದೆ ಇರುವುದಕ್ಕೆ ಕಣ್ಣು ಮುಚ್ಚಿಕೊಳ್ಳುವುದಿಲ್ಲವಲ್ಲ.

ದಿನದಲ್ಲಿ ತೀರಾ ಕಷ್ಟದ ಹೊತ್ತು ಯಾವುದು ಎಂದು ಕೇಳಿದೆ. ಬೆಳಿಗ್ಗೆ ಅಪ್ಪನಿಗೆ ಅಂಗಿ ಹಾಕುವುದು ಎಂದರು. ಆರು ಗುಂಡಿ. ಇವರು ಮೇಲಿಂದ ಹಾಕುತ್ತಾ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅವರು ಮೊದಲನೆಯದನ್ನು ಬಿಚ್ಚಿರುತ್ತಾರೆ. ನಡುನಡುವೆ "ಯಾರಮ್ಮ ನೀನು?" ಎಂಬ ಪ್ರಶ್ನೆ. ನಿಮ್ಮ ಮಗಳು ಎಂದು ಇವರು ಹೇಳುವುದು, ಮತ್ತೆ ಹೇಳುವುದು. ಐದನೇ ಸಲಕ್ಕೆ ದನಿ ಏರಿರುತ್ತದೆ, ಅಪ್ಪನ ಕೈ ನಡುಗಲು ಶುರುವಾಗುತ್ತದೆ.

ನಾಲ್ಕನೇ ಭೇಟಿ ಪೂರ್ತಿ ಆ ಆರು ಗುಂಡಿಗಳಿಗೇ ಹೋಯಿತು.

ಆ ಹೊತ್ತಿನಲ್ಲಿ ಕಣ್ಣಿಗೆ ಕಾಣುವುದೇನು? ಮರೆತ ಮುಖ. ಕಾಣದೆ ಇದ್ದರೂ ನೀವು ನಿಜ ಎಂದು ನಂಬಿರುವುದೇನು? ತುಂಬ ಹೊತ್ತು ಸುಮ್ಮನಿದ್ದು ಯೆಶಾಯ 49:15 ಹೇಳಿದರು. ಹೆತ್ತ ತಾಯಿ ಮರೆತರೂ ನಾನು ನಿನ್ನನ್ನು ಮರೆಯೆನು ಎಂದು ದೇವರು ಹೇಳುವ ಮಾತು ಅದು. ನಂತರ ಅವರೇ, "ನಂಬ್ತೀನಿ ಸಾರ್. ಆದ್ರೆ ಬೆಳಿಗ್ಗೆ ಎಂಟಕ್ಕೆ ನೆನಪಿರಲ್ಲ" ಎಂದರು.

ಹಾಗಾದರೆ ಎಂಟಕ್ಕೆ ನೆನಪು ಮಾಡಿಕೊಳ್ಳುವುದೇ ನಿಮ್ಮ ಪ್ರಾರ್ಥನೆ ಎಂದೆ. ಒಂದು ಗುಂಡಿಗೆ ಒಂದು ಮಾತು: ಇವರನ್ನು ನೀನು ಮರೆತಿಲ್ಲ. ಗುಂಡಿ ಬಿಚ್ಚಿದರೆ ಮತ್ತೆ ಹಾಕಿ, ಮತ್ತೆ ಹೇಳಿ. ಯಾರು ನೀನು ಎಂದಾಗ ವಾದಕ್ಕೆ ಇಳಿಯಬೇಡಿ. ಡಿಮೆನ್ಷಿಯಾ ಇರುವವರನ್ನು ತಿದ್ದುತ್ತಾ ಹೋದರೆ ಭಯ ಜಾಸ್ತಿ ಆಗುತ್ತದೆ. "ನಿಮ್ಮ ಜೊತೆ ಇರೋಳು" ಎನ್ನಿ. ಅದು ಸುಳ್ಳಲ್ಲ.

ಹದಿನೇಳನೇ ಶತಮಾನದಲ್ಲಿ ಪ್ಯಾರಿಸ್‌ನಲ್ಲಿ ಕಾರ್ಮೆಲೈಟ್ ಎಂಬ ಕ್ರೈಸ್ತ ಸನ್ಯಾಸಿಗಳ ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬವರಿದ್ದರು. ಅವರಿಗೆ ಅಡುಗೆಮನೆ ಕೆಲಸ ಬಿದ್ದಿತ್ತು, ಅದು ಅವರಿಗೆ ಇಷ್ಟವಿರಲಿಲ್ಲ. ಆದರೂ ವರ್ಷಗಟ್ಟಲೆ ಅಲ್ಲೇ ದೇವರ ಜೊತೆ ಮಾತಾಡುತ್ತಾ ಕೆಲಸ ಮಾಡಿದರು. ಪ್ರಾರ್ಥನೆಯ ಹೊತ್ತು, ಕೆಲಸದ ಹೊತ್ತು ಎಂಬ ಭೇದ ಅವರಿಗಿರಲಿಲ್ಲ. ಇದನ್ನು ಕೇಳಿ ಎಂ. ನಕ್ಕರು. "ಅವರ ಪಾತ್ರೆಗಳು ಎದ್ದು ಓಡ್ತಿರಲಿಲ್ಲ ಬಿಡಿ."

ಎರಡು ವಾರದಲ್ಲಿ ಇದನ್ನೂ ಅತಿ ಮಾಡಿಕೊಂಡರು. ಎಲ್ಲ ಕೆಲಸಕ್ಕೂ ಒಂದೊಂದು ಮಾತು ಜೋಡಿಸಿ, ಎಷ್ಟು ಸಲ ಮರೆತೆ ಎಂದು ಫೋನಿನಲ್ಲಿ ಲೆಕ್ಕ ಇಟ್ಟಿದ್ದರು. ನನ್ನೆದುರೇ ಆ ಪಟ್ಟಿ ಅಳಿಸಲು ಹೇಳಿದೆ. ಗುಂಡಿ ಮಾತ್ರ ಸಾಕು. ಇದರ ಜೊತೆಗೆ ರಾತ್ರಿ ಒಂದೇ ಒಂದು ಸಾಲು ಬರೆಯುವುದು, ಇವತ್ತು ದೇವರು ಎಲ್ಲಿದ್ದ ಅನ್ನಿಸಿತು ಎಂದು. ಖಾಲಿ ಬಿಟ್ಟರೂ ಪರವಾಗಿಲ್ಲ. ಒಂದು ದಿನದ ಸಾಲು ನನಗೆ ತೋರಿಸಿದರು: "ಅಪ್ಪ ನನ್ನ ಕೈ ಸವರಿ, ಪಾಪ, ಸುಸ್ತಾಗಿದೆ ನಿನಗೆ ಎಂದರು. ಯಾರೋ ಅಂದುಕೊಂಡು ಹೇಳಿದರು."

ಕಂಡ ಸಹೋದರನನ್ನು ಪ್ರೀತಿಸದವನು ಕಾಣದ ದೇವರನ್ನು ಪ್ರೀತಿಸಲಾರ ಎಂದು ಯೋಹಾನನ ಮೊದಲ ಪತ್ರಿಕೆಯಲ್ಲಿದೆ, 4:20ರಲ್ಲಿ. ಅದನ್ನು ನಾನು ಅವರಿಗೆ ಹೇಳಲಿಲ್ಲ. ಆ ಮನೆಯಲ್ಲಿ ಅದು ದಿನಾ ಬೆಳಿಗ್ಗೆ ನಡೆಯುತ್ತಲೇ ಇತ್ತು.

ದೇವರ ಇರುವಿಕೆ ಅನುಭವಕ್ಕೆ ಬಂತಾ ಎಂದರೆ, ಇನ್ನೂ ಇಲ್ಲ ಎನ್ನುತ್ತಾರೆ. ನಾನು ಒತ್ತಾಯ ಮಾಡಿಲ್ಲ. ಡಾಕ್ಟರ್ ಕೊಟ್ಟ ಔಷಧಿ ನಡೆಯುತ್ತಿದೆ, ನಿದ್ದೆ ಈಗ ಆರು ಗಂಟೆಯಷ್ಟಾಗುತ್ತದೆ.

ಅಣ್ಣ ಈಗ ಶನಿವಾರ ಬರುತ್ತಾನೆ. ಕಳೆದ ಸಲ ಅವನ ಮೇಲೆ ಒಂದು ದೂರಿತ್ತು: ಅಂಗಿಯ ಗುಂಡಿ ಮೇಲೆ ಕೆಳಗೆ ಮಾಡಿ ಹಾಕುತ್ತಾನೆ, ಅಪ್ಪ ಇಡೀ ದಿನ ಹಾಗೇ ಓಡಾಡುತ್ತಾರೆ.

"ನೀವು ಹೋಗಿ ಸರಿ ಮಾಡ್ತೀರಾ?" ಎಂದೆ.

"ಇಲ್ಲ ಸಾರ್. ನಾನು ಮಲಗಿರ್ತೀನಿ."